ಶರತ್ಕಾಲದ ಒಂದು ದಿನ, ಕೆರೆಯಿಂದ ಹಿನ್ನೀರಿನವರೆಗೆ: ಮೈಸೂರು–ಮಂಡ್ಯದಲ್ಲಿ ನೀರಹಕ್ಕಿ ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ಕರಾವಳಿಯಲ್ಲಿ ಹಕ್ಕಿ ನೋಡಲು ಹೊರಡುವವರು ಮೊದಲು ವಿಚಾರಿಸುವುದು ಉಬ್ಬರ-ಇಳಿತದ ಹೊತ್ತನ್ನು. ನೀರು ಹಿಂದೆ ಸರಿದರೆ ಕೆಸರು ಬಯಲಾಗುತ್ತದೆ. ಕೆಸರು ಬಯಲಾದಲ್ಲಿ ಹುಳುಹುಪ್ಪಟೆ ಹೆಕ್ಕಲು ಹಕ್ಕಿಗಳು ಇಳಿಯುತ್ತವೆ. ಮೈಸೂರು, ಮಂಡ್ಯದವರಾದ ನಮಗೆ ಕಡಲಿಲ್ಲ. ಆದರೂ ನಮ್ಮ ನೀರಿಗೆ ಅದರದೇ ಏರಿಳಿತವಿದೆ, ಅದು ವರ್ಷಕ್ಕೊಮ್ಮೆ ಬರುತ್ತದೆ. ಆಷಾಢ-ಶ್ರಾವಣದಲ್ಲಿ ಕೊಡಗಿನ ಮಳೆಗೆ ಕಾವೇರಿ ಮೈದುಂಬುತ್ತಾಳೆ, ಕನ್ನಂಬಾಡಿ ಕಟ್ಟೆ ತುಂಬುತ್ತದೆ, ನಾಲೆಗಳು ಹರಿಯುತ್ತವೆ, ಕೆರೆಗಳು ಕೋಡಿ ಬೀಳುತ್ತವೆ. ಮಾಗಿಯಿಂದ ಮುಂದೆ ಎಲ್ಲವೂ ನಿಧಾನವಾಗಿ ಇಳಿಯುತ್ತವೆ. ಈ ಏರಿಳಿತವನ್ನು ಬಲ್ಲವರಿಗೆ ಹಕ್ಕಿ ಎಲ್ಲಿ ಕೂತಿರಬಹುದೆಂಬುದು ಮನೆಯಿಂದ ಹೊರಡುವ ಮೊದಲೇ ಅರ್ಧದಷ್ಟು ತಿಳಿದಿರುತ್ತದೆ.

ಈ ಬರಹ ಆಶ್ವೀಜ-ಕಾರ್ತೀಕ ಮಾಸಗಳ ಒಂದು ಪೂರ್ತಿ ದಿನಕ್ಕೆ ಸಂಬಂಧಿಸಿದ್ದು. ನಸುಕಿನಲ್ಲಿ ಊರ ಕೆರೆ, ಬಿಸಿಲೇರುವ ಮುನ್ನ ರಂಗನತಿಟ್ಟು, ನಡುಹಗಲಿನಲ್ಲಿ ನಾಲೆ ಬದಿಯ ಗದ್ದೆ, ಸಂಜೆ ಕೃಷ್ಣರಾಜಸಾಗರದ ಹಿನ್ನೀರು. ಹೊಸಬರೂ ಅನುಸರಿಸಬಹುದಾದ ಕ್ರಮದಲ್ಲಿ ಬರೆದಿದ್ದೇನೆ. ಹಕ್ಕಿಯ ಹೆಸರು ಕಲಿಯುವುದಕ್ಕಿಂತ ಮೊದಲು ನೀರನ್ನು ಓದಲು ಕಲಿಯಬೇಕೆಂಬುದು ನನ್ನ ಗಟ್ಟಿ ನಂಬಿಕೆ. ಹಾಗಾಗಿ ಅಲ್ಲಿಂದಲೇ ಆರಂಭ.

ಹಿಂದಿನ ದಿನ: ಪತ್ರಿಕೆಯ ಮೂರು ಅಂಕಿಗಳು

ಮೈಸೂರು, ಮಂಡ್ಯ ಆವೃತ್ತಿಯ ಪತ್ರಿಕೆಗಳಲ್ಲಿ ಕೆಆರ್‌ಎಸ್ ಜಲಾಶಯದ ನೀರಿನ ಮಟ್ಟ ಪ್ರಕಟವಾಗುತ್ತದೆ. ರೈತರು ಅದನ್ನು ಮೊದಲು ನೋಡುತ್ತಾರೆ. ಹಕ್ಕಿ ನೋಡುವವರೂ ನೋಡಬೇಕು. ಅಲ್ಲಿ ಗಮನಿಸಬೇಕಾದ ಅಂಕಿಗಳು ಮೂರು: ಇಂದಿನ ಮಟ್ಟ, ಒಳಹರಿವು, ಹೊರಹರಿವು.

ಜಲಾಶಯದ ಗರಿಷ್ಠ ಮಟ್ಟ 124.80 ಅಡಿ. ಮಟ್ಟ ಅದರ ಹತ್ತಿರವಿದ್ದರೆ ಹಿನ್ನೀರು ಹುಲ್ಲಿನ ಅಂಚನ್ನು, ಜಾಲಿ ಗಿಡಗಳ ಬುಡವನ್ನು ಮುಟ್ಟಿ ನಿಂತಿರುತ್ತದೆ ಎಂದರ್ಥ. ಕೆಸರಿನ ಅಂಚು ಎಲ್ಲೂ ಇರುವುದಿಲ್ಲ. ಅಂಥ ವರ್ಷ ಗೊರವ (ಸ್ಯಾಂಡ್‌ಪೈಪರ್), ಮೆಟ್ಟುಗಾಲು ಹಕ್ಕಿಗಳಂಥ ಕೆಸರಿನಲ್ಲಿ ಮೇಯುವ ಹಕ್ಕಿಗಳನ್ನು ಹುಡುಕಿಕೊಂಡು ಹಿನ್ನೀರಿಗೆ ಹೋದರೆ ನಿರಾಸೆಯಾಗುತ್ತದೆ. ಅವುಗಳನ್ನು ಸಣ್ಣ ಕೆರೆಗಳ ಅಂಗಳದಲ್ಲಿ ಹುಡುಕಿ, ಹಿನ್ನೀರನ್ನು ತೆರೆದ ನೀರಿನ ಮೇಲೆ ಹಾರಾಡುವ ರೀವಗಳಿಗೆ (ಟರ್ನ್), ಮೀನು ಡೇಗೆಗೆ (ಆಸ್ಪ್ರೆ), ಹೆಜ್ಜಾರ್ಲೆಗಳಿಗೆ (ಪೆಲಿಕನ್) ಮೀಸಲಿಡಿ. ಮಳೆ ಕೈಕೊಟ್ಟು ಅಕ್ಟೋಬರಿನಲ್ಲೇ ಮಟ್ಟ ಹತ್ತಿಪ್ಪತ್ತು ಅಡಿ ಕೆಳಗಿದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ: ಕೆರೆಗಳು ಬರಿದಾಗಿರುತ್ತವೆ, ಹಿನ್ನೀರಿನ ಇಳಿಜಾರು ದಡಗಳು ಹಸಿಯಾಗಿ ತೆರೆದುಕೊಂಡಿರುತ್ತವೆ, ಕಾಲುದ್ದದ ಹಕ್ಕಿಗಳೆಲ್ಲ ಅಲ್ಲಿರುತ್ತವೆ. ರೈತನಿಗೆ ಕಷ್ಟದ ವರ್ಷ ಗೊರವಕ್ಕೆ ಅನುಕೂಲದ ವರ್ಷವಾಗುವುದನ್ನು ನೋಡುವಾಗ ಮನಸ್ಸು ಭಾರವಾಗುತ್ತದೆ, ಆದರೂ ಇದು ನಿಜ.

ಹೊರಹರಿವಿನ ಅಂಕಿ ರಂಗನತಿಟ್ಟಿಗೆ ಸಂಬಂಧಿಸಿದ್ದು. ಅಣೆಕಟ್ಟಿನಿಂದ ನದಿಗೆ ಹೆಚ್ಚು ನೀರು ಬಿಟ್ಟಾಗ ಪಕ್ಷಿಧಾಮದಲ್ಲಿ ದೋಣಿ ವಿಹಾರ ನಿಲ್ಲಿಸುತ್ತಾರೆ, ತಗ್ಗಿನ ನಡುಗಡ್ಡೆಗಳು ಮುಳುಗುತ್ತವೆ. ಅಂಕಿ ದಿಢೀರನೆ ಏರಿದ್ದರೆ ರಂಗನತಿಟ್ಟನ್ನು ಕೈಬಿಟ್ಟು ಇನ್ನೊಂದು ಕೆರೆ ಸೇರಿಸಿಕೊಳ್ಳಿ. ಅಂಥ ದಿನ ಬಲಮುರಿ, ಎಡಮುರಿ, ಸಂಗಮದ ಕಡೆ ಬಂಡೆಗಳ ಮೇಲೆ ಇಳಿಯಲೇಬೇಡಿ. ಮೇಲೆ ಗೇಟು ತೆರೆದದ್ದು ಕೆಳಗೆ ನಿಂತವರಿಗೆ ಗೊತ್ತಾಗುವಷ್ಟರಲ್ಲಿ ನೀರು ಬಂದಿರುತ್ತದೆ.

ಯಾವ ವಾರ ಹೊರಡಬೇಕು

ಮಳೆ ನಕ್ಷತ್ರಗಳೇ ಇದಕ್ಕೂ ಲೆಕ್ಕ. ಹಸ್ತ ಮಳೆ ಸೆಪ್ಟೆಂಬರ್ ಕೊನೆಗೆ, ಚಿತ್ತೆ ಅಕ್ಟೋಬರ್ ಎರಡನೆಯ ವಾರಕ್ಕೆ, ಸ್ವಾತಿ ಅಕ್ಟೋಬರ್ ಕೊನೆಗೆ, ವಿಶಾಖ ನವೆಂಬರ್ ಮೊದಲ ವಾರಕ್ಕೆ ಹುಟ್ಟುತ್ತದೆ. ಉತ್ತರದಿಂದ ಬರುವ ವಲಸೆಗಾರರು ಒಂದೇ ಸಲಕ್ಕೆ ಬರುವುದಿಲ್ಲ. ಗದ್ದೆಗೊರವ ಆಗಸ್ಟ್ ಕೊನೆಗೇ ಕೆರೆಯಂಚಿಗೆ ಬಂದು ಬಾಲ ಕುಣಿಸುತ್ತಿರುತ್ತದೆ. ಬೂದು ಸಿಪಿಲೆ, ಕವಲುತೋಕೆಗಳು ಸೆಪ್ಟೆಂಬರಿನಲ್ಲಿ. ಬಾತುಗಳ ಪೈಕಿ ಮೊದಲು ಕಾಣಿಸುವುದು ಬಿಳಿಹುಬ್ಬಿನ ಬಾತು, ಅಂದರೆ ಗಾರ್ಗನಿ, ಹಸ್ತ-ಚಿತ್ತೆಯ ಹೊತ್ತಿಗೆ. ಸೂಜಿಬಾಲದ ಬಾತು, ಅಗಲ ಕೊಕ್ಕಿನ ಚಲುಕ ಬಾತುಗಳಿಗೆ ಸ್ವಾತಿ ಕಳೆಯಬೇಕು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುವುದು ಇನ್ನೂ ತಡವಾಗಿ. ಅವನ್ನು ಅಕ್ಟೋಬರಿನಲ್ಲಿ ನಿರೀಕ್ಷಿಸಬೇಡಿ, ಡಿಸೆಂಬರ್ ನಂತರ ಅದಕ್ಕಾಗಿಯೇ ಒಂದು ದಿನ ಇಡಿ.

ನನ್ನ ಆಯ್ಕೆ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ನಡುವಿನವರೆಗೆ. ಬೇಗ ಬಂದವು ಇನ್ನೂ ಇರುತ್ತವೆ, ತಡವಾಗಿ ಬರುವವು ಇಳಿಯತೊಡಗಿರುತ್ತವೆ, ಮಳೆ ತೊಳೆದ ಗಾಳಿ ದೂರದವರೆಗೆ ಸ್ವಚ್ಛವಾಗಿರುತ್ತದೆ. ದಸರಾ ದಿನಗಳನ್ನು ಬಿಡಿ; ರಂಗನತಿಟ್ಟಿನಲ್ಲಿ ದೋಣಿಗೆ ಸಾಲು, ರಸ್ತೆಯಲ್ಲಿ ದಟ್ಟಣೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಎರಡು ಮೂರು ದಿನ ಜಡಿಮಳೆ ಹಿಡಿದರೆ ಕಾಯಿರಿ, ಮಳೆ ಬಿಟ್ಟ ಮರುದಿನ ಹೊರಡಿ. ಮೋಡ ಕವಿದಾಗ ಎಲ್ಲೆಲ್ಲೋ ತಂಗಿದ್ದ ಹಕ್ಕಿಗಳು ಆ ದಿನ ಹೊಟ್ಟೆ ತುಂಬಿಸಿಕೊಳ್ಳುವ ಆತುರದಲ್ಲಿ ಬಯಲಿಗೆ ಬರುತ್ತವೆ.

ಕೈಯಲ್ಲಿ ಏನಿರಬೇಕು

ಮುಖ್ಯವಾಗಿ ಬೇಕಾದುದು ಒಂದು ಒಳ್ಳೆಯ ಬೈನಾಕ್ಯುಲರ್. ಅದರ ಮೇಲೆ 8x42 ಎಂದು ಬರೆದಿದ್ದರೆ ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜಿನ ವ್ಯಾಸ 42 ಮಿಲಿಮೀಟರ್ ಎಂದು ತಿಳಿಯಿರಿ. ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಳತೆ ಸಿಗುತ್ತದೆ: ಇಲ್ಲಿ ಐದು ಮಿಲಿಮೀಟರಿಗಿಂತ ತುಸು ಹೆಚ್ಚು. ನಸುಕಿಗೂ ಮುಸ್ಸಂಜೆಗೂ ಇದು ಸಾಕು. 10x42 ಹೆಚ್ಚು ಹತ್ತಿರ ತೋರಿಸುತ್ತದೆ, ಆದರೆ ಕೈನಡುಕವನ್ನೂ ಹೆಚ್ಚು ತೋರಿಸುತ್ತದೆ. ಹೊಸಬರಿಗೆ ಎಂಟೇ ಮೇಲು.

ಹಿನ್ನೀರಿಗೆ ಮಾತ್ರ ಸ್ಪಾಟಿಂಗ್ ಸ್ಕೋಪ್ (ಒಂದೇ ಕಣ್ಣಿನಿಂದ ನೋಡುವ ದೂರದರ್ಶಕ) ಮತ್ತು ಗಟ್ಟಿ ಟ್ರೈಪಾಡ್ ಇದ್ದರೆ ದಿನದ ಸ್ವರೂಪವೇ ಬದಲಾಗುತ್ತದೆ. ದುಬಾರಿ ವಸ್ತು; ಒಂದು ಗುಂಪಿಗೆ ಒಂದಿದ್ದರೆ ಸಾಕು, ಸರದಿಯಲ್ಲಿ ನೋಡಬಹುದು. ಉಳಿದಂತೆ ಅಂಚಗಲದ ಟೋಪಿ, ಮಣ್ಣಿನ ಬಣ್ಣದ ಬಟ್ಟೆ, ತೇವದಲ್ಲಿ ಜಾರದ ಬೂಟು, ಕೂರಲು ಒಂದು ತಗ್ಗು ಮಡಚು ಕುರ್ಚಿ ಅಥವಾ ಚಾಪೆ, ಕುಡಿಯುವ ನೀರು, ಪುಸ್ತಕ-ಪೆನ್ಸಿಲ್ಲು. ಪೆನ್ನಿಗಿಂತ ಪೆನ್ಸಿಲ್ಲು ಒಳ್ಳೆಯದು, ಹನಿ ಬಿದ್ದರೂ ಅಕ್ಷರ ಕದಡುವುದಿಲ್ಲ. ಮಧ್ಯಾಹ್ನಕ್ಕೆ ಚಿತ್ರಾನ್ನವೋ ಪುಳಿಯೋಗರೆಯೋ ಕಟ್ಟಿಕೊಳ್ಳಿ. ಹೋಟೆಲಿಗೆಂದು ಹೆದ್ದಾರಿಗೆ ಹೋದರೆ ಒಂದೂವರೆ ಗಂಟೆ ಕಳೆದುಹೋಗುತ್ತದೆ.

ನಸುಕು: ಊರ ಕೆರೆ

ಈ ತಿಂಗಳುಗಳಲ್ಲಿ ಸೂರ್ಯ ಹುಟ್ಟುವುದು ಆರೂಕಾಲರ ಆಸುಪಾಸಿನಲ್ಲಿ. ಆರಕ್ಕೆಲ್ಲ ಕುಕ್ಕರಹಳ್ಳಿ ಕೆರೆಯ ಏರಿ ಮೇಲಿರಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಈ ಕೆರೆ ಇಂದು ನಗರದ ನಡುವೆಯೇ ಇದೆ. ಬೆಳಗಿನ ವಾಯುವಿಹಾರಿಗಳ ಓಡಾಟಕ್ಕೆ ಇಲ್ಲಿಯ ಹಕ್ಕಿಗಳು ಒಗ್ಗಿಹೋಗಿವೆ. ಹೊಸಬರು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಜಿಲ್ಲೆಯಲ್ಲಿಲ್ಲ: ಹಳ್ಳಿ ಕೆರೆಯಲ್ಲಿ ನೂರು ಮೀಟರಿಗೇ ಹಾರುವ ಹಕ್ಕಿ ಇಲ್ಲಿ ಹತ್ತಿರದಲ್ಲೇ ಕೂತು ತೋರಿಸಿಕೊಳ್ಳುತ್ತದೆ. ರಾಮಕೃಷ್ಣನಗರದ ಕಡೆಯವರು ಲಿಂಗಾಂಬುಧಿ ಕೆರೆಗೆ ಹೋಗಬಹುದು.

ಯಾವುದೇ ಕೆರೆಗೆ ಹೋದರೂ ಅದನ್ನು ನಾಲ್ಕು ಭಾಗವಾಗಿ ನೋಡಿ. ಏರಿ ನಿಮ್ಮ ನಿಲುವು. ಅಲ್ಲಿಂದ ಆಳದ ನೀರು ಕಾಣುತ್ತದೆ, ಅಲ್ಲಿ ನೀರುಕಾಗೆ, ಹಾವಕ್ಕಿ, ಗುಳುಮುಳುಕ, ನಾಮದ ಕೋಳಿಗಳಿರುತ್ತವೆ. ತೂಬಿನ ಹತ್ತಿರ ಮಿಂಚುಳ್ಳಿ ಕಾಯುತ್ತಿರುತ್ತದೆ. ಕೋಡಿಯಲ್ಲಿ ನೀರು ಹರಿಯುತ್ತಿದ್ದರೆ ಮೀನು ದಾಟುವ ಜಾಗ ಅದೇ, ಬೆಳ್ಳಕ್ಕಿ, ಬೂದು ಬಕಗಳು ಸಾಲಾಗಿ ನಿಂತಿರುತ್ತವೆ. ಏರಿಗೆ ಎದುರಾದ ತುದಿ, ನೀರು ಒಳಬರುವ ಕಡೆಯ ತೆಳು ನೀರಿನ ಅಂಗಳ, ಅಲ್ಲಿ ಜೊಂಡು, ಕಮಲ, ಕೆಸರು. ಜಂಬುಕೋಳಿ, ದೇವನಕ್ಕಿ, ಗೊರವಗಳು. ಕೆರೆ ಸುತ್ತುವವರು ಬಹುಪಾಲು ಏರಿಯ ಮೇಲೆ ಹೋಗಿ ಬಂದು ಮುಗಿಸುತ್ತಾರೆ. ಶರತ್ಕಾಲದ ಹೊಸ ಅತಿಥಿಗಳು ಹೆಚ್ಚಾಗಿ ಸಿಗುವುದು ಅಂಗಳದಲ್ಲಿ. ಹಾಗಾಗಿ ಏರಿಯ ಮೇಲೆ ಅರ್ಧ ಗಂಟೆ, ಅಂಗಳದ ಮುಂದೆ ಒಂದು ಗಂಟೆ ಎಂದಿಟ್ಟುಕೊಳ್ಳಿ.

ಬೆನ್ನ ಹಿಂದೆ ಸೂರ್ಯನಿರುವಂತೆ ನಿಲ್ಲಿ. ಬೆಳಿಗ್ಗೆ ಮೂಡಣ ದಡದಿಂದ ಪಡುವಣಕ್ಕೆ ನೋಡುವುದು, ಸಂಜೆ ಪಡುವಣ ದಡದಿಂದ ಮೂಡಣಕ್ಕೆ ನೋಡುವುದು. ಬೆಳಕಿಗೆ ಎದುರು ನಿಂತರೆ ಎಲ್ಲ ಹಕ್ಕಿಯೂ ಕಪ್ಪು ನೆರಳೇ.

ಮೂರು ಗದ್ದೆಗೊರವಗಳನ್ನು ಬಿಡಿಸುವುದು

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಹೊಸಬರು ಸೋತು ಕೈಬಿಡುವುದು ಈ ಕಂದು ಬಣ್ಣದ ಸಣ್ಣ ಹಕ್ಕಿಗಳ ಮುಂದೆಯೇ. ನಮ್ಮ ಕೆರೆಯಂಚಿನಲ್ಲಿ ಹೆಚ್ಚಾಗಿ ಕಾಣುವುದು ಮೂರು: ಸಾಮಾನ್ಯ ಗದ್ದೆಗೊರವ, ಹಸಿರು ಗದ್ದೆಗೊರವ, ಅಡವಿ ಗದ್ದೆಗೊರವ. ಪುಸ್ತಕದ ಚಿತ್ರ ನೋಡಿ ಬಣ್ಣದಿಂದ ಗುರುತಿಸಲು ಹೊರಟರೆ ಗೊಂದಲ ತಪ್ಪಿದ್ದಲ್ಲ.

ಮೊದಲು ಎದೆಯ ಪಕ್ಕ ನೋಡಿ. ಸಾಮಾನ್ಯ ಗದ್ದೆಗೊರವಕ್ಕೆ ಹೊಟ್ಟೆಯ ಬಿಳುಪು ಮಡಿಸಿದ ರೆಕ್ಕೆಯ ಮುಂದೆ, ಭುಜದ ಕಡೆಗೆ ಬೆಣೆಯಂತೆ ಮೇಲೇರಿರುತ್ತದೆ. ಆ ಬಿಳಿ ಬೆಣೆ ಕಂಡರೆ ಮುಗಿಯಿತು, ಬೇರೇನೂ ನೋಡಬೇಕಿಲ್ಲ. ಅದು ಕಲ್ಲಿನಿಂದ ಕಲ್ಲಿಗೆ ನಡೆಯುವಾಗ ಹಿಂಭಾಗವನ್ನು ಬಿಡುವಿಲ್ಲದೆ ಮೇಲೆ-ಕೆಳಗೆ ತೂಗುತ್ತದೆ. ಎದ್ದರೆ ನೀರಿಗೆ ತೀರಾ ಹತ್ತಿರ, ಬಾಗಿದ ರೆಕ್ಕೆಗಳನ್ನು ಬಿಗಿಯಾಗಿ ಕಂಪಿಸುತ್ತ, ನಡುನಡುವೆ ತೇಲುತ್ತ ಹೋಗುತ್ತದೆ. ರೆಕ್ಕೆಯ ಮೇಲೆ ಉದ್ದಕ್ಕೂ ಬಿಳಿ ಗೆರೆ ಕಾಣುತ್ತದೆ.

ಬೆಣೆ ಇಲ್ಲದಿದ್ದರೆ ಉಳಿದ ಎರಡರಲ್ಲಿ ಒಂದು. ಅಡವಿ ಗದ್ದೆಗೊರವಕ್ಕೆ ಕಣ್ಣಿನ ಮೇಲೆ ಕತ್ತಿನ ಕಡೆಗೆ ಚಾಚಿದ ಉದ್ದ ಬಿಳಿಹುಬ್ಬು, ಬೆನ್ನ ತುಂಬ ತಿಳಿ ಚುಕ್ಕೆಗಳು, ಹಳದಿ ಛಾಯೆಯ ಕಾಲು. ಇದು ಗುಂಪಿನಲ್ಲೂ ಇರುತ್ತದೆ. ಹಸಿರು ಗದ್ದೆಗೊರವ ಸಾಮಾನ್ಯವಾಗಿ ಒಂಟಿ; ಬೆನ್ನು ಕಡು ಬಣ್ಣದ್ದು, ಬಿಳಿಹುಬ್ಬು ಕಣ್ಣಿನ ಮುಂದಷ್ಟೇ ನಿಲ್ಲುತ್ತದೆ. ಹಾರಿದಾಗ ಸಂಶಯ ಪೂರ್ತಿ ಹೋಗುತ್ತದೆ: ರೆಕ್ಕೆಯ ಒಳಮೈ ಮೇಲ್ಮೈ ಎರಡೂ ಕಡುಗಪ್ಪು, ಬಾಲದ ಬುಡ ಅಚ್ಚಬಿಳಿ. ಅಡವಿ ಗದ್ದೆಗೊರವದ ರೆಕ್ಕೆಯ ಒಳಮೈ ತಿಳಿಯಾದದ್ದು. ಹಾಗೆಂದು ಹಾರಿಸಿ ನೋಡಬೇಡಿ. ಕಾಯುತ್ತ ಕೂತರೆ ಎಮ್ಮೆ ಮೇಯಿಸುವವರೋ ಗಿಡುಗವೋ ಬಂದಾಗ ಅವು ತಾವಾಗಿಯೇ ಏಳುತ್ತವೆ.

ಬಾತುಗಳಿಗೂ ಇದೇ ಮಾತು. ಅಕ್ಟೋಬರಿನಲ್ಲಿ ಬಂದಿಳಿದ ಗಂಡು ಬಾತುಗಳಿಗೆ ಚಿತ್ರದಲ್ಲಿರುವ ಬಣ್ಣ ಇರುವುದಿಲ್ಲ. ಗರಿ ಕಳಚಿ ಹೆಣ್ಣಿನಂತೆಯೇ ಕಂದು ಬಣ್ಣದಲ್ಲಿರುತ್ತವೆ. ಬಿಳಿಹುಬ್ಬಿನ ಬಾತಂತೂ ಚಳಿಗಾಲ ಬಹುಪಾಲು ಕಳೆಯುವವರೆಗೆ ಆ ವೇಷ ಬಿಡುವುದಿಲ್ಲ. ಆಕಾರ ನೋಡಿ: ಚಲುಕ ಬಾತಿಗೆ ತುದಿ ಅಗಲವಾದ ಭಾರೀ ಕೊಕ್ಕು, ಸೂಜಿಬಾಲಕ್ಕೆ ಸಪೂರ ಉದ್ದ ಕತ್ತು. ಹಾರಿದಾಗ ಗಂಡು ಗಾರ್ಗನಿಯ ರೆಕ್ಕೆಯ ಮುಂಭಾಗ ತಿಳಿ ಬೂದು-ನೀಲಿಯಾಗಿ ಹೊಳೆಯುತ್ತದೆ. ವರಟೆ, ಸಿಳ್ಳೆ ಬಾತು ನಮ್ಮೂರಿನವೇ, ವರ್ಷವಿಡೀ ಇರುತ್ತವೆ. ಅವುಗಳನ್ನು ಚೆನ್ನಾಗಿ ಕಲಿತರೆ ಹೊರಗಿನಿಂದ ಬಂದದ್ದು ತಾನಾಗಿ ಎದ್ದು ಕಾಣುತ್ತದೆ.

ಎಂಟೂವರೆಯ ನಂತರ: ರಂಗನತಿಟ್ಟು

ಮೈಸೂರಿನಿಂದ ಅರ್ಧ-ಮುಕ್ಕಾಲು ಗಂಟೆಯ ದಾರಿ, ಶ್ರೀರಂಗಪಟ್ಟಣಕ್ಕೆ ಹತ್ತಿರ. ಹದಿನೇಳನೆಯ ಶತಮಾನದ ನಡುವಿನಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಒಡ್ಡು ಕಟ್ಟಿದಾಗ ಇಲ್ಲಿಯ ತಿಟ್ಟುಗಳು ರೂಪುಗೊಂಡವು. ನೀರು ಸುತ್ತುವರಿದ ಮರಗಳಲ್ಲಿ ಹಕ್ಕಿಗಳು ನೆಲೆಯೂರಿದ್ದನ್ನು ಕಂಡು ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಅರಸರಿಗೆ ಮನವರಿಕೆ ಮಾಡಿಕೊಟ್ಟ ಫಲವಾಗಿ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ಮಾನ್ಯತೆ ಬಂತು, ಕರ್ನಾಟಕಕ್ಕೆ ಅದು ಮೊದಲನೆಯದು.

ದೋಣಿ ಆರಂಭವಾದೊಡನೆ ಮೊದಲ ಸುತ್ತಿಗೇ ಹತ್ತಿ. ಹುಟ್ಟು ಹಾಕುವವರನ್ನು ಗೌರವದಿಂದ ಮಾತಾಡಿಸಿ, "ಅಣ್ಣ, ಇವತ್ತು ಚಮಚ ಕೊಕ್ಕಿನವು ಯಾವ ತಿಟ್ಟಿನಲ್ಲಿವೆ?" ಎಂದು ಕೇಳಿದರೆ ಪುಸ್ತಕದಲ್ಲಿ ಸಿಗದ ಮಾಹಿತಿ ಸಿಗುತ್ತದೆ. ದಿನವೂ ಅದೇ ನೀರಿನ ಮೇಲಿರುವ ಅವರ ಕಣ್ಣು ನಮ್ಮೆಲ್ಲರ ಕಣ್ಣಿಗಿಂತ ಹರಿತ. ಶರತ್ಕಾಲದಲ್ಲಿ ಮಳೆಗಾಲದ ಗೂಡುಗಳು ಮುಗಿಯುತ್ತ ಬಂದಿರುತ್ತವೆ. ಬಾಯ್ಕಳಕ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳ ಬೆಳೆದ ಮರಿಗಳು ಕೊಂಬೆಯಿಂದ ಕೊಂಬೆಗೆ ಹಾರಿ ರೆಕ್ಕೆ ಬಲಪಡಿಸಿಕೊಳ್ಳುತ್ತಿರುತ್ತವೆ. ಇಂಥ ಮರಿಗಳ ಗರಿ ದೊಡ್ಡವುಗಳಿಗಿಂತ ಬೇರೆ. ಬಾಯ್ಕಳಕದ ಮರಿಗೆ ಕೊಕ್ಕಿನ ನಡುವಿನ ಸಂದು ಇನ್ನೂ ಮೂಡಿರುವುದಿಲ್ಲ. ಅದನ್ನು ಬೇರೆ ಜಾತಿ ಎಂದು ಬರೆದುಕೊಳ್ಳದಂತೆ ಎಚ್ಚರ ವಹಿಸಿ.

ಬಂಡೆಗಳ ಮೇಲೂ ಕಣ್ಣಿಡಿ. ದಪ್ಪ ಕೊಕ್ಕು, ದೊಡ್ಡ ಹಳದಿ ಕಣ್ಣಿನ ದೊಡ್ಡ ಕಲ್ಲುಗೊರವ ಹಗಲಿನಲ್ಲಿ ಅಲುಗದೆ ನಿಂತಿರುತ್ತದೆ. ಮೊಸಳೆಗಳು ಪಕ್ಕದಲ್ಲೇ ಬಿಸಿಲು ಕಾಯಿಸುತ್ತಿರುತ್ತವೆ. ದೋಣಿಯ ಹೊರಗೆ ಕೈ ಚಾಚುವುದು, ದಡದಲ್ಲಿ ನೀರಿಗಿಳಿಯುವುದು ಬೇಡವೇ ಬೇಡ. ಒಂಬತ್ತೂವರೆ-ಹತ್ತರ ಹೊತ್ತಿಗೆ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ. ಆಗ ತಲೆಯೆತ್ತಿ ಆಕಾಶ ನೋಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ರೆಕ್ಕೆ ಬಡಿಯದೆ ಸುತ್ತುತ್ತ ಎತ್ತರಕ್ಕೇರಿ, ಮೇವಿರುವ ಕೆರೆಗಳ ದಿಕ್ಕಿಗೆ ಜಾರಿಹೋಗುತ್ತವೆ. ಅವು ಹೋದ ದಿಕ್ಕನ್ನು ಗುರುತು ಹಾಕಿಕೊಳ್ಳಿ. ಮುಂದಿನ ಸಲ ಯಾವ ಕೆರೆಗೆ ಹೋಗಬೇಕೆಂಬುದಕ್ಕೆ ಅದೊಂದು ಸೂಚನೆ.

ನಡುಹಗಲು: ನಾಲೆ ಮತ್ತು ಗದ್ದೆ

ಹನ್ನೊಂದರಿಂದ ಮೂರರವರೆಗೆ ನೀರಿನ ಮೇಲೆ ಬಿಸಿಲ ಝಳ. ದೂರದ ಹಕ್ಕಿ ಅಲುಗಾಡಿದಂತೆ ಕಾಣುತ್ತದೆ. ಊಟ, ವಿಶ್ರಾಂತಿಗೆ ಇದೇ ಸಮಯ. ಹುರುಪಿದ್ದವರು ವಿಶ್ವೇಶ್ವರಯ್ಯ ನಾಲೆಯ ಬಯಲಿನ ಭತ್ತದ ಗದ್ದೆಗಳ ಅಂಚಿನಲ್ಲಿ ಒಂದು ಸುತ್ತು ಹಾಕಬಹುದು. ಈ ಹೊತ್ತಿಗೆ ಪೈರು ತೆನೆ ಕಟ್ಟಿರುತ್ತದೆ, ಗದ್ದೆಯೊಳಗೆ ಹಕ್ಕಿ ಕಾಣುವುದಿಲ್ಲ. ಬದು, ಬಸಿಗಾಲುವೆ, ಮೊದಲು ಕೊಯ್ಲಾದ ತುಂಡುಗಳನ್ನು ನೋಡಿ. ಬಸವನಹುಳು ಹೆಕ್ಕುವ ಬಾಯ್ಕಳಕ, ಹೊಳೆವ ಕಂದು ಮೈಯ ಕೆಂಬರಲು, ಹಳದಿ ಸಿಪಿಲೆ ಸಿಗುತ್ತವೆ. ರೆಕ್ಕೆಗಳನ್ನು ಮೇಲಕ್ಕೆತ್ತಿ ಹಿಡಿದು ಪೈರಿನ ಮೇಲೆ ತಗ್ಗಾಗಿ ತೇಲುವ ಜವುಗು ಸೆಳೆವ ಕಂಡರೆ ಆ ದಿನ ಸಾರ್ಥಕ. ಬದುವಿನ ಮೇಲೆ ಕಾಲಿಡುವ ಮೊದಲು ಗದ್ದೆಯವರನ್ನು ಕೇಳಿ. ನಾಲೆ ಏರಿಯ ಮೇಲೆ ವಾಹನ ಓಡಿಸುತ್ತ ಹಕ್ಕಿ ನೋಡಬೇಡಿ; ತಡೆಗೋಡೆ ಇಲ್ಲದ ಕಡೆ ಒಂದು ಕ್ಷಣದ ಮೈಮರೆವು ಸಾಕು.

ಸಂಜೆ: ಹಿನ್ನೀರಿನ ಮುಂದೆ ಕೂರುವುದು

ಕಡಲ ಬದಿಯಲ್ಲಿ ಹಕ್ಕಿ ನೋಡುವವರದು ಒಂದು ವಿಶೇಷ ಕ್ರಮ. ಅವರು ಅಲೆಯುವುದಿಲ್ಲ, ಒಂದು ಎತ್ತರದ ಜಾಗ ಹಿಡಿದು ಗಂಟೆಗಟ್ಟಲೆ ನೀರನ್ನೇ ನೋಡುತ್ತ ಕೂರುತ್ತಾರೆ, ಹಕ್ಕಿಗಳು ತಾವಾಗಿ ಎದುರು ಹಾದುಹೋಗುತ್ತವೆ. ಒಳನಾಡಿನ ನಾವು ಈ ತಾಳ್ಮೆಯನ್ನು ರೂಢಿಸಿಕೊಂಡಿಲ್ಲ. ಕೆರೆ ಸುತ್ತಿ ಮುಗಿಸಿ ಇನ್ನೊಂದಕ್ಕೆ ಓಡುತ್ತೇವೆ. ಕೃಷ್ಣರಾಜಸಾಗರದ ಹಿನ್ನೀರು ಆ ಕ್ರಮಕ್ಕೆ ಹೇಳಿ ಮಾಡಿಸಿದ ಜಾಗ.

ಜಾಗದ ಆಯ್ಕೆ ಹೀಗೆ. ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯದ ಕಡೆಯ ದಂಡೆ ಸುಂದರ, ಆದರೆ ಅದು ಬಡಗಣ ದಂಡೆ. ಶರತ್ಕಾಲದಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುವುದರಿಂದ ಅಲ್ಲಿಂದ ನೀರನ್ನು ನೋಡಿದರೆ ಕಣ್ಣಿಗೆ ಕುಕ್ಕುತ್ತದೆ. ಮೈಸೂರು–ಹುಣಸೂರು ರಸ್ತೆಯ ಇಲವಾಲದ ಕಡೆಯಿಂದ ಮೀನಾಕ್ಷಿಪುರದತ್ತ ಹೋದರೆ ತೆಂಕಣ ದಂಡೆ. ಬೆಳಕು ಬೆನ್ನಿಗೆ ಬೀಳುತ್ತದೆ. ನೀರಿನೊಳಗೆ ಚಾಚಿದ ನೆಲದ ತುದಿ ಸಿಕ್ಕರೆ ಉತ್ತಮ, ಮೂರು ಕಡೆ ನೋಡಬಹುದು. ಆದರೆ ದಿಗಂತಕ್ಕೆ ಎದ್ದು ಕಾಣುವಂತೆ ನಿಲ್ಲಬೇಡಿ. ಗಿಡದ ಮುಂದೆ ತಗ್ಗಾಗಿ ಕೂತುಬಿಡಿ. ಅಲ್ಲಿ ಪ್ರವೇಶ ನಿರ್ಬಂಧದ ಫಲಕವಿದ್ದರೆ ಪಾಲಿಸಿ, ಅಣೆಕಟ್ಟಿನ ಆಸುಪಾಸಿನಲ್ಲಿ ಕ್ಯಾಮೆರಾ, ಡ್ರೋನ್ ಹೊರತೆಗೆಯಬೇಡಿ.

ಕೂತ ಮೇಲೆ ಮೊದಲು ಗಾಳಿಯ ದಿಕ್ಕು ನೋಡಿ. ಮುಂಗಾರಿನಲ್ಲಿ ಪಡುವಣದಿಂದ ಬೀಸುತ್ತಿದ್ದ ಗಾಳಿ ಈಗ ತಿರುಗಿ ಮೂಡಣ-ಈಶಾನ್ಯದಿಂದ ಬೀಸತೊಡಗಿರುತ್ತದೆ. ಗಾಳಿ ಬಲವಾಗಿದ್ದರೆ ಬಾತುಗಳು ಗಾಳಿ ಬರುವ ಕಡೆಯ ದಡದ ಮರೆಯಲ್ಲಿ, ಅಲೆಯಿಲ್ಲದ ನೀರಿನಲ್ಲಿ ಗುಂಪುಗೂಡುತ್ತವೆ. ಎದುರು ದಡದಲ್ಲಿ ಅಲೆ ಬಡಿಯುವ ಕಡೆ ಹುಡುಕಿದರೆ ಏನೂ ಸಿಗದು. ಇನ್ನೊಂದು ಸಂಗತಿ: ನೀರಿನ ಮೇಲೆ ತೇಲುವ ಹಕ್ಕಿ, ದಡದಲ್ಲಿ ನಿಂತ ರೀವ, ಎಲ್ಲವೂ ಗಾಳಿಗೆ ಮುಖ ಮಾಡಿರುತ್ತವೆ. ಗಾಳಿ ನಿಮ್ಮ ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಬೀಸುವಂತೆ ಕೂತರೆ ಹಕ್ಕಿಯ ಪಕ್ಕ, ಕೊಕ್ಕಿನ ಆಕಾರ, ರೆಕ್ಕೆಯ ಪಟ್ಟಿ ಎಲ್ಲವೂ ಕಾಣುತ್ತವೆ. ಗಾಳಿ ಬೆನ್ನಿಂದ ಬೀಸಿದರೆ ಎಲ್ಲವೂ ನಿಮ್ಮ ಕಡೆಗೇ ತಿರುಗಿ, ಗುರುತಿಸುವುದು ಕಷ್ಟವಾಗುತ್ತದೆ.

ನಂತರ ನೀರನ್ನು ಪಟ್ಟಿ ಪಟ್ಟಿಯಾಗಿ ಗುಡಿಸಿದಂತೆ ನೋಡಿ. ಎದುರಿನ ಒಂಟಿ ಮರ, ಬಂಡೆ, ಗುಡಿಯ ಗೋಪುರ ಇಂಥ ನಾಲ್ಕೈದು ಗುರುತುಗಳನ್ನು ಆರಿಸಿಕೊಂಡು ಅವುಗಳ ನಡುವಿನ ನೀರನ್ನು ಒಂದೊಂದಾಗಿ ಮುಗಿಸಿ. ಮೊದಲ ಸುತ್ತು ದಡ-ನೀರು ಸೇರುವ ಗೆರೆ, ಎರಡನೆಯದು ನಡುನೀರು, ಮೂರನೆಯದು ನೀರಿಗೂ ಆಕಾಶಕ್ಕೂ ನಡುವಿನ ತಗ್ಗು ಗಾಳಿ. ಸ್ಕೋಪ್ ಇದ್ದರೆ ಇಪ್ಪತ್ತು-ಮೂವತ್ತು ಪಟ್ಟಿಗಿಂತ ಹಿಗ್ಗಿಸದೆ, ನಿಧಾನವಾಗಿ, ಪ್ರತಿ ಸಲ ಹಿಂದಿನ ನೋಟದ ಅಂಚನ್ನು ಒಳಗೊಳ್ಳುವಂತೆ ಸರಿಸಿ. ಒಂದು ಸುತ್ತು ಮುಗಿದೊಡನೆ ಬರಿಗಣ್ಣಿನಿಂದ ಇಡೀ ನೀರನ್ನು ನೋಡಿ; ಗಾಜಿನೊಳಗೇ ಮುಳುಗಿದ್ದರೆ ತಲೆಯ ಮೇಲೆ ಹಾದದ್ದು ತಪ್ಪಿಹೋಗುತ್ತದೆ. ಮುಳುಗುವ ಹಕ್ಕಿಗಳಿಗೆ ಎರಡನೆಯ, ಮೂರನೆಯ ಸುತ್ತು ಕಡ್ಡಾಯ. ಮೊದಲ ಸಲ ನೀವು ನೋಡುವಾಗ ಅವು ನೀರಿನಡಿ ಇರಬಹುದು.

ಇಲ್ಲಿಯ ಮುಖ್ಯ ಆಕರ್ಷಣೆ ರೀವಗಳು. ಹೊಳೆ ರೀವ ನಮ್ಮ ನದಿ-ಜಲಾಶಯಗಳಲ್ಲೇ ನೆಲೆಸಿದ್ದು, ಬೇಸಗೆಯಲ್ಲಿ ಮರಳು ದಿಬ್ಬ, ನಡುಗಡ್ಡೆಗಳ ಮೇಲೆ ಮೊಟ್ಟೆಯಿಡುತ್ತದೆ. ಜಾಗತಿಕವಾಗಿ ಅಪಾಯದಂಚಿನ ಪಟ್ಟಿಗೆ ಸೇರಿರುವ ಹಕ್ಕಿ ಇದು, ಹಾಗಾಗಿ ಪ್ರತಿಯೊಂದನ್ನೂ ಎಣಿಸಿ ಬರೆಯಿರಿ. ದಪ್ಪ ಹಳದಿ ಕೊಕ್ಕು, ಆಳವಾಗಿ ಕವಲೊಡೆದ ಬಾಲ, ಬಲವಾದ ರೆಕ್ಕೆ ಬಡಿತ. ಮೀನು ಕಂಡರೆ ನೇರವಾಗಿ ಧುಮುಕುತ್ತದೆ. ಅದರ ಜೊತೆಗೆ ಬರುವ ವಲಸೆಗಾರ ಮೀಸೆ ರೀವ ಗಾತ್ರದಲ್ಲಿ ಚಿಕ್ಕದು. ಈ ಋತುವಿನಲ್ಲಿ ಅದರ ಕೊಕ್ಕು ಕಪ್ಪು, ಕಣ್ಣಿನ ಹಿಂದೆ ಕಪ್ಪು ಮಚ್ಚೆ, ಬಾಲದ ಕವಲಿಗೆ ಆಳ ತೀರಾ ಕಡಿಮೆ. ಅದು ಧುಮುಕುವುದು ಕಡಿಮೆ. ಗಾಳಿಗೆದುರು ನಿಧಾನವಾಗಿ ಹಾರುತ್ತ ತಲೆ ಬಗ್ಗಿಸಿ, ನೀರಿನ ಮೇಲ್ಮೈಯಿಂದ ಹುಳು ಎತ್ತಿಕೊಂಡು ಮತ್ತೆ ಮೇಲೇರುತ್ತದೆ. ದೂರದಲ್ಲಿ ಬಣ್ಣ ಕಾಣದಿದ್ದರೂ ಈ ನಡೆಯೊಂದರಿಂದಲೇ ಎರಡನ್ನೂ ಬೇರ್ಪಡಿಸಬಹುದು.

ದಡದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದರೆ ಅವುಗಳ ಹಿಂದೆ ಹೋಗಬೇಡಿ, ಮೇಲೆ ನೋಡಿ. ಎಬ್ಬಿಸಿದವರು ಯಾರೋ ಇದ್ದಾರೆ. ಗರುಡ, ಸೆಳೆವ, ಅಥವಾ ಮೀನು ಡೇಗೆ. ಮೀನು ಡೇಗೆಗೆ ಉದ್ದ ಕಿರಿದಾದ ರೆಕ್ಕೆ ಮಣಿಕಟ್ಟಿನಲ್ಲಿ ಮಡಿಸಿದಂತಿರುತ್ತದೆ, ಹೊಟ್ಟೆ ಬಿಳಿ, ಕಣ್ಣಿನ ಮೂಲಕ ಕಡು ಪಟ್ಟಿ. ನೀರಿನ ಮೇಲೆ ಒಂದೆಡೆ ರೆಕ್ಕೆ ಬಡಿಯುತ್ತ ನಿಂತು, ಕಾಲು ಮುಂದೆ ಮಾಡಿ ಬೀಳುತ್ತದೆ. ಹಿಡಿದ ಮೀನನ್ನು ತಲೆ ಮುಂದಾಗುವಂತೆ ತಿರುಗಿಸಿ ಹೊತ್ತೊಯ್ಯುತ್ತದೆ. ತೆಪ್ಪದಲ್ಲಿ ಬಲೆ ಬಿಡುವ ಮೀನುಗಾರರು ಅದು ಕೂರುವ ಒಣಮರವನ್ನು ಬಲ್ಲವರು. ಅವರನ್ನು ಕೇಳಿ, ಅವರ ಬಲೆಗೆ ಅಡ್ಡಿಯಾಗದಂತೆ ಕೂರಿ.

ಐದರಿಂದ ಆರರವರೆಗೆ ಜಾಗ ಬಿಡಬೇಡಿ. ಮೇವಿನಿಂದ ಹಿಂದಿರುಗುವ ನೀರುಕಾಗೆ, ಬೆಳ್ಳಕ್ಕಿ, ಕೆಂಬರಲುಗಳ ಸಾಲುಗಳು ನೀರನ್ನು ದಾಟುತ್ತವೆ, ಸಿಳ್ಳೆ ಬಾತುಗಳು ರಾತ್ರಿಯ ಮೇವಿಗೆ ಹೊರಡುತ್ತವೆ. ಇವುಗಳನ್ನು ಎಣಿಸಲು ಒಂದು ಮರವನ್ನು ಗೆರೆಯಾಗಿ ಇಟ್ಟುಕೊಂಡು ಅದನ್ನು ದಾಟಿದವನ್ನಷ್ಟೇ ಲೆಕ್ಕ ಹಾಕಿ. ಗುಂಪು ದೊಡ್ಡದಾದರೆ ಮೊದಲ ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತೆಂದು ನೋಡಿ, ಅಂಥ ಎಷ್ಟು ತುಂಡುಗಳಿವೆ ಎಂದು ಗುಣಿಸಿ. ಸುಮಾರಾದ ಅಂದಾಜು ಕೂಡ 'ತುಂಬ ಇದ್ದವು' ಎಂಬುದಕ್ಕಿಂತ ಸಾವಿರ ಪಾಲು ಮೇಲು.

ರಾತ್ರಿ: ಬರೆದಿಡುವುದು

ಅಂದಿನ ಟಿಪ್ಪಣಿಯನ್ನು ಅಂದೇ ಇ-ಬರ್ಡ್‌ಗೆ, ಅಂದರೆ ಹಕ್ಕಿ ನೋಡಿದವರು ತಮ್ಮ ಪಟ್ಟಿ ದಾಖಲಿಸುವ ಅಂತರ್ಜಾಲ ತಾಣಕ್ಕೆ, ಸೇರಿಸಿ. ಕೆರೆ, ರಂಗನತಿಟ್ಟು, ಗದ್ದೆ, ಹಿನ್ನೀರು ಇವಕ್ಕೆ ಬೇರೆ ಬೇರೆ ಪಟ್ಟಿ ಮಾಡಿ, ಇಡೀ ದಿನಕ್ಕೆ ಒಂದೇ ಪಟ್ಟಿ ಬೇಡ. ಹಿನ್ನೀರಿನದನ್ನು ಒಂದೇ ಕಡೆ ನಿಂತು ಮಾಡಿದ ವೀಕ್ಷಣೆ ಎಂದು ದಾಖಲಿಸಿ, ಆರಂಭದ ಹೊತ್ತು ಮತ್ತು ಅವಧಿ ತಪ್ಪದೆ ಬರೆಯಿರಿ. ಕಾಗೆ, ಮೈನಾಗಳನ್ನೂ ಬಿಡಬೇಡಿ. ಗುರುತು ಹತ್ತದ ಹಕ್ಕಿಯನ್ನು ಊಹೆಯ ಮೇಲೆ ಹೆಸರಿಸದೆ 'ರೀವ ಜಾತಿ', 'ಗೊರವ ಜಾತಿ' ಎಂದೇ ಇಡಿ.

ಟಿಪ್ಪಣಿಯ ತಲೆಯಲ್ಲಿ ಆ ದಿನದ ಕೆಆರ್‌ಎಸ್ ಮಟ್ಟವನ್ನೂ ಗಾಳಿಯ ದಿಕ್ಕನ್ನೂ ಬರೆಯಿರಿ. ಯಾವ ಮಟ್ಟಕ್ಕೆ ಮೀನಾಕ್ಷಿಪುರದ ಯಾವ ಮೂಲೆಯಲ್ಲಿ ಕೆಸರು ತೆರೆಯುತ್ತದೆ, ಯಾವ ಮಟ್ಟಕ್ಕೆ ಗೊರವಗಳು ಬರುತ್ತವೆ ಎಂಬ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಕೆಲವು ವರ್ಷಗಳ ಇಂಥ ಟಿಪ್ಪಣಿಗಳಿಂದ ಮಾತ್ರ ಅದು ನಮ್ಮ ಕೈಗೆ ಬರುತ್ತದೆ. ಕುತ್ತಿಗೆಗೆ ಬಣ್ಣದ ಪಟ್ಟಿ ತೊಟ್ಟ ಹೆಬ್ಬಾತು ಮುಂದೆಂದಾದರೂ ಕಂಡರೆ ಅದರ ಬಣ್ಣ, ಮೇಲಿನ ಅಕ್ಷರ-ಅಂಕಿಗಳನ್ನು ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದವು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡದ್ದುಂಟು. 1987ರಿಂದ ನಡೆದುಬಂದಿರುವ ಏಷ್ಯಾ ನೀರಹಕ್ಕಿ ಗಣತಿ ಪ್ರತಿ ಜನವರಿಯಲ್ಲಿರುತ್ತದೆ. ಈ ಶರತ್ಕಾಲದಲ್ಲಿ ಒಂದು ಕೆರೆಯನ್ನು ನಿಮ್ಮದಾಗಿ ಮಾಡಿಕೊಂಡು ಎರಡು ವಾರಕ್ಕೊಮ್ಮೆ ಹೋಗಿ ಬಂದಿದ್ದರೆ, ಗಣತಿಯ ದಿನ ಆ ಕೆರೆಯ ಹೊಣೆಯನ್ನು ಧೈರ್ಯವಾಗಿ ವಹಿಸಿಕೊಳ್ಳಬಹುದು.